ನೋವು ಎಲ್ಲಿ ಹೋಯಿತು ಎಂದು ಕೇಳಿದ ಮೇಷ್ಟ್ರು

ಬೆಳಿಗ್ಗೆ ಕಸ ಗುಡಿಸುವಾಗ ಹಿಂದಿನ ಕಿಟಕಿಯಿಂದ ಸುಣ್ಣದ ಪುಡಿಯ ವಾಸನೆ ಬಂತು. ನೀರು ಚಿಮುಕಿಸಿದ ಮಣ್ಣಿನ ಮೇಲೆ ಸುಣ್ಣ ಬಿದ್ದಾಗ ಏಳುವ ವಾಸನೆ ಅದು, ಮೂಗಿನ ತುದಿಯನ್ನು ಮೆಲ್ಲಗೆ ಕಚ್ಚುತ್ತದೆ. ಬಗ್ಗಿ ನೋಡಿದರೆ ಶಾಲೆಯ ಮೈದಾನದಲ್ಲಿ ಓಟದ ಗೆರೆ ಹಾಕುತ್ತಿದ್ದರು. ನಾನು ಪೊರಕೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆನಂತೆ. "ಅಜ್ಜಿ, ಪೊರಕೆ ತಾನೇ ಗುಡಿಸ್ಲಿ ಅಂತ ಕಾಯ್ತಾ ಇದೀಯಾ?" ಎಂದು ಸಿಂಚನಾ ನಕ್ಕಳು. ನಗಲಿ. ಕೊಟ್ಟೂರಿನ ಈ ಮನೆಗೆ ಬಂದ ಮೇಲೆ ನನ್ನನ್ನು ನೋಡಿ ನಗುವವರು ಇರುವುದೇ ಒಂದು ಸುಖ.

ಆದರೆ ಮೊನ್ನೆ ಮದುವೆ ಮನೆಯಿಂದ ಬಂದ ಮೇಲೆ ಇದೇ ಸಿಂಚನಾ ನಗಲಿಲ್ಲ. ಅಲ್ಲಿ ಯಾರೋ ಅವಳಿಗೆ ಹೇಳಿದ್ದರು, ನಿಮ್ಮಮ್ಮ ಒಂದು ಕಾಲಕ್ಕೆ ಗಾಳಿಯ ಹಾಗೆ ಓಡುತ್ತಿದ್ದಳು, ದೊಡ್ಡ ಓಟಕ್ಕೆ ಹೋಗುವ ಹೊತ್ತಿಗೆ ಅವಳ ಮೇಷ್ಟ್ರೇ ಅವಳನ್ನು ತಡೆದರು ಎಂದು. "ಎಂಥ ಕೋಚ್ ಅಜ್ಜಿ ಅವ್ರು?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಅವಳ ತಮ್ಮ ಅಭಿಯೂ ಅವಳ ಪರವಾಗಿಯೇ ಮುಖ ಊದಿಸಿಕೊಂಡಿದ್ದ. ನಿಮ್ಮಮ್ಮ, ಅಂದರೆ ನನ್ನ ಮಗಳು ವೇಣಿ, ಅಂಚೆ ಕಚೇರಿಯ ಕೆಲಸಕ್ಕೆ ಹೋಗಿದ್ದಳು. ನಾನು ಏನೋ ಗೊಣಗಿ ಒಳಗೆ ಹೋದೆ. ಬಾಯಿಬಿಟ್ಟು ಹೇಳುವ ಜಾಣ್ಮೆ ನನಗಿಲ್ಲ. ಒಂದು ಮಾತು ಶುರುಮಾಡಿದರೆ ನೀವು ನಾಲ್ಕು ಪ್ರಶ್ನೆ ಕೇಳುತ್ತೀರಿ, ನಾನು ಎಲ್ಲಿದ್ದೆ ಎನ್ನುವುದೇ ಮರೆತುಹೋಗುತ್ತದೆ. ಹಾಳೆಯಾದರೆ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಅದಕ್ಕೇ ನಿಮ್ಮಿಬ್ಬರಿಗೂ ಬರೆಯುತ್ತಿದ್ದೇನೆ, ಕೂತು ಓದಿ.

ಆ ಮೇಷ್ಟ್ರ ಹೆಸರು ಕೊಟ್ರೇಶಪ್ಪ. ತಂಬ್ರಹಳ್ಳಿಯ ಹೈಸ್ಕೂಲಿನಲ್ಲಿ ಆಟ ಕಲಿಸುವ ಮೇಷ್ಟ್ರು. ನಿಮ್ಮಜ್ಜ ತೀರಿಕೊಂಡ ಮೇಲೆ ನಾನು, ವೇಣಿ ಅದೇ ಊರಿನಲ್ಲಿ ನಿಮ್ಮಜ್ಜನ ಅಣ್ಣನ ಮನೆಯಲ್ಲಿದ್ದೆವು. ಆ ಅಣ್ಣನ ಹೆಂಡತಿ ಗಂಗಕ್ಕ, ಅಂದರೆ ನನ್ನ ನೆಗೆಣ್ಣಿ, ಮನೆಯ ಯಜಮಾನಿ. ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಕೈ. ಬಡಿಸಲು ಕೂತರೆ ಎಲೆಯಲ್ಲಿ ಜಾಗ ಉಳಿಯುತ್ತಿರಲಿಲ್ಲ, ಬೈಯಲು ನಿಂತರೆ ಓಣಿಯಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದುದರಿಂದ ನನಗೆ ಆಡಲು ಏನೂ ಇರುತ್ತಿರಲಿಲ್ಲ. ಅದು ನನಗೆ ಹಿತವಾಗಿಯೇ ಇತ್ತು.

ಮೇಷ್ಟ್ರು ದಿನಾ ಬೆಳಿಗ್ಗೆ ಸುಣ್ಣದ ಡಬ್ಬಿ ಹಿಡಿದು ಹಿಮ್ಮುಖವಾಗಿ ನಡೆಯುತ್ತ ಗೆರೆ ಎಳೆಯುತ್ತಿದ್ದರು. ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗುವ ಹುಡುಗಿಯರೂ ಓಡಲು ಅವರ ಬಳಿಗೇ ಬರುತ್ತಿದ್ದರು. ವೇಣಿ ಆಗ ಪಿಯುಸಿ ಎರಡನೇ ವರ್ಷ. ಓಟ ಶುರುವಾಗುವ ಮೊದಲು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳುತ್ತಿದ್ದರು: "ನಿನ್ನೆ ರಾತ್ರಿ ಏನ್ ಉಂಡಿ? ನಿದ್ದಿ ಬಂತಾ? ಎಲ್ಲ್ಯಾರ ನೋಯ್ತೈತೇನು?" ಹೊಟ್ಟೆಗಿಲ್ಲದೆ ಓಡುವ ಮಗುವನ್ನು ಅವರು ಓಡಿಸುತ್ತಿರಲಿಲ್ಲ. ತಮ್ಮ ಚೀಲದಿಂದ ಹುರಿದ ಶೇಂಗಾ, ಬೆಲ್ಲ ಕೊಟ್ಟು ಮರದ ಕೆಳಗೆ ಕೂರಿಸುತ್ತಿದ್ದರು.

ಎಂಥ ಒಳ್ಳೆಯ ಮನುಷ್ಯ, ಅಲ್ಲವೇ? ಆದರೆ ಊರಿನ ತಾಯಂದಿರಿಗೆ ಇದು ದೊಡ್ಡ ಸಂಕಟವಾಗಿತ್ತು. ನಮ್ಮ ಕಡೆ ಮನೆಯಲ್ಲಿ ಏನು ಉಂಡೆವು ಎಂಬುದನ್ನು ಹೊರಗೆ ಹೇಳುವುದಿಲ್ಲ. ಒಣ ರೊಟ್ಟಿ ಖಾರದ ಪುಡಿ ಉಂಡವರೂ ಕಟ್ಟೆಗೆ ಬಂದು ಎಲೆ ಅಡಿಕೆ ಹಾಕಿಕೊಂಡು ಹಬ್ಬದ ಊಟ ಉಂಡವರ ಹಾಗೆ ಕೂರುತ್ತಾರೆ. ಹಾಗಿರುವಾಗ ಮೈದಾನದಲ್ಲಿ ಎಲ್ಲರ ಎದುರು "ನುಚ್ಚು, ಮಜ್ಜಿಗಿ ಸರ್" ಎಂದು ಮಗು ಕೂಗಿಬಿಟ್ಟರೆ ತಾಯಿಯ ಗತಿ ಏನು? ಅದಕ್ಕೆ ತಾಯಂದಿರು ಮಕ್ಕಳಿಗೆ ಉತ್ತರ ಕಲಿಸಿ ಕಳಿಸತೊಡಗಿದರು. ಒಬ್ಬಳು ದಿನಾ "ತುಪ್ಪ ಅನ್ನ" ಎನ್ನುತ್ತಿದ್ದಳು. ಅವಳ ತಂಗಿ ಅದೇ ದಿನ ಅದೇ ಮನೆಯಲ್ಲಿ "ಬದಾಮಿ ಹಾಲು" ಕುಡಿದಿರುತ್ತಿದ್ದಳು. ನಮ್ಮ ಮನೆಯಲ್ಲಿ ಕೊರತೆ ಇರಲಿಲ್ಲ, ಆದರೂ ಗಂಗಕ್ಕ ಬಿಡುತ್ತಿರಲಿಲ್ಲ. "ಏನ್ ಕೇಳಿದ್ರೂ ಹಾಲು ಅನ್ನು. ಹಾಲು ಅಂದ್ರ ಯಾರೂ ಮುಂದ ಕೇಳಂಗಿಲ್ಲ" ಎಂದು ವೇಣಿಗೆ ಹೇಳಿಕೊಟ್ಟಿದ್ದಳು. ಮೇಷ್ಟ್ರಿಗೆ ಎಲ್ಲವೂ ಗೊತ್ತಾಗುತ್ತಿತ್ತೋ ಇಲ್ಲವೋ. ನಮ್ಮೂರಲ್ಲಿ ಅಷ್ಟು ಹಾಲಿದ್ದಿದ್ದರೆ ಕೆರೆಯೇ ಬೇಕಿರಲಿಲ್ಲ.

ಆ ವರ್ಷ ಹಡಗಲಿಯಲ್ಲಿ ಒಂದು ಆಯ್ಕೆಯ ಓಟ ಇತ್ತು. ಅದರಲ್ಲಿ ಗೆದ್ದ ಹುಡುಗಿಗೆ ದೊಡ್ಡ ಊರಿನ ಕಾಲೇಜಿನಲ್ಲಿ ಸೀಟು, ಕ್ರೀಡಾ ಹಾಸ್ಟೆಲಿನಲ್ಲಿ ಊಟ ವಸತಿ. ನನಗೆ ಹಗಲೂ ರಾತ್ರಿ ಅದೇ ಧ್ಯಾನ. ಗಂಗಕ್ಕನ ಗಂಡ, ನನ್ನ ಭಾವ, ಒಳ್ಳೆಯವರೇ. ಆದರೆ ಪಿಯುಸಿ ಆದ ಮೇಲೆ ಮದುವೆ ಎಂದು ಅವರು ಆಗಲೇ ನಿಶ್ಚಯಿಸಿದ್ದರು. ಮಾಗಳದಿಂದ ಒಂದು ಸಂಬಂಧವೂ ಬಂದಿತ್ತು. ಮಗಳು ಮುಂದೆ ಓದಬೇಕು ಎಂದರೆ ಆ ಓಟ ಒಂದೇ ದಾರಿ ಎಂದು ನನಗೆ ತೋರಿತ್ತು. ಗೆಲ್ಲುತ್ತಾಳೆಂದು ಮೇಷ್ಟ್ರೂ ನಂಬಿದ್ದರು. ಒಂದೇ ತೊಡಕು ಎಂದರೆ ಅವಳ ಬಲ ಮೊಣಕಾಲಿನ ಕೆಳಗಿನ ಎಲುಬಿನ ನೋವು. ಓಡಿ ಬಂದವಳು ಕಾಲು ಹಿಡಿದುಕೊಂಡು ಕೂರುತ್ತಿದ್ದಳು. ಮೇಷ್ಟ್ರು ಓಟ ಕಡಿಮೆ ಮಾಡಿಸಿ ವಿಶ್ರಾಂತಿ ಕೊಡಿಸುತ್ತಿದ್ದರು.

ಇತ್ತ ಗಂಗಕ್ಕನಿಗೆ ಬೇರೆಯದೇ ಚಿಂತೆ. ಮಾಗಳದವರು ನೋಡಲು ಬರುವ ಹೊತ್ತಿಗೆ ಹುಡುಗಿ ಮೈ ತುಂಬಿಕೊಳ್ಳಬೇಕು. "ಓಡಿ ಓಡಿ ತೊಗರಿ ಕಟಗಿ ಆಗ್ಯಾಳ. ಗಲ್ಲ ನೋಡಿದ್ರ ಉಪವಾಸ ಕೆಡವೀವಿ ಅಂತಾರ ಬಂದವ್ರು" ಎಂದು ಉಚ್ಚಂಗಿದುರ್ಗಕ್ಕೆ ಹೋಗಿ ಉಚ್ಚಂಗೆಮ್ಮನಿಗೆ ಹರಕೆ ಹೊತ್ತು ಬಂದಳು. ಬರುವಾಗ ದಾರಿಯಲ್ಲಿ ಯಾರೋ ಪರಿಚಯದ ಹೆಂಗಸು ಮೈ ತುಂಬುವ ಗುಳಿಗೆ ಎಂದು ಒಂದು ಪೊಟ್ಟಣ ಕೊಟ್ಟಳಂತೆ. ನಮ್ಮ ಕಡೆ ಆಗ ಅದು ಹೊಸದೇನಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಎಷ್ಟೋ ಮನೆಯಲ್ಲಿ ಸೀರೆ, ಬಳೆ ತಂದಷ್ಟೇ ಸಹಜವಾಗಿ ಆ ಗುಳಿಗೆಯನ್ನೂ ತರುತ್ತಿದ್ದರು. ಶಕ್ತಿಯ ಗುಳಿಗೆ ಎಂದೇ ಎಲ್ಲರ ತಿಳಿವಳಿಕೆ. ಗಂಗಕ್ಕ ದಿನಾ ತನ್ನ ಕೈಯಾರೆ ಹಾಲಿನ ಲೋಟದ ಜೊತೆ ಅದನ್ನು ಕೊಡುತ್ತಿದ್ದಳು. ಮೈದಾನದಲ್ಲಿ ಕೇಳಿದರೆ ವೇಣಿಯ ಉತ್ತರ ಇದ್ದೇ ಇತ್ತು: "ಹಾಲು ಸರ್."

ಕೆಲವೇ ದಿನಗಳಲ್ಲಿ ಹುಡುಗಿಯ ಗಲ್ಲ ತುಂಬಿತು. ನೆರೆಯವರೆಲ್ಲ "ಲಕ್ಷಣ ಬಂತು ನೋಡ" ಎಂದು ನೆಟಿಗೆ ಮುರಿದರು. ಹಸಿವು ಜೋರಾಯಿತು. ಎಲ್ಲಕ್ಕಿಂತ ವಿಚಿತ್ರವೆಂದರೆ ಕಾಲು ನೋವು ಮಾಯವಾಯಿತು. ವೇಣಿ ಹಕ್ಕಿಯ ಹಾಗೆ ಓಡತೊಡಗಿದಳು. ಜೊತೆಯ ಹುಡುಗಿಯರು ಅವಳ ನೆರಳನ್ನೂ ಮುಟ್ಟಲಾರದೆ ಹೋದರು. ಬೇರೆ ಯಾವ ಮೇಷ್ಟ್ರಾದರೂ ಊರಿಗೆಲ್ಲ ಪೇಡೆ ಹಂಚುತ್ತಿದ್ದರು. ಕೊಟ್ರೇಶಪ್ಪ ಮೇಷ್ಟ್ರು ಒಂದು ಸಂಜೆ ನಮ್ಮ ಮನೆಯ ಕಟ್ಟೆಗೆ ಬಂದು ಮುಖ ಸಣ್ಣದು ಮಾಡಿಕೊಂಡು ಕೂತರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಗಂಗಮ್ಮಾರ, ಹುಡುಗಿಗೆ ಕಾಲು ನೋವಿತ್ತು. ಈಗಿಲ್ಲ ಅಂತಾಳ. ನೋವು ಎಲ್ಲಿ ಹೋತ್ರಿ?"

ಗಂಗಕ್ಕ ಕಿಸಕ್ಕನೆ ನಕ್ಕಳು. "ಅಯ್ಯ ನಮ್ಮಪ್ಪ! ಹೋದ ನೋವನ್ನ ಹುಡಿಕ್ಕೊಂಡು ಬಂದಿರೇನ್ರಿ? ತಪ್ಪಿಸಿಕೊಂಡ ಎಮ್ಮಿ ಅಲ್ಲದು. ಉಚ್ಚಂಗೆಮ್ಮ ಕಣ್ ತೆರದಾಳ, ಕೈ ಮುಗೀರಿ."

"ಆಕಿ ಕಣ್ ತೆರದ್ರ ಹುಡುಗಿ ಕಣ್ಣು ಯಾಕ ಮುಚ್ಚಾಕತ್ಯಾವ್ರಿ? ಮಾರಿ ಬಾತೈತಿ, ತುಂಬಿಲ್ಲ. ಕುಸ್ತಿ ಆಡೋ ಗೆಳೆಯ ಒಬ್ಬ ಇದ್ದ ನನಗ. ಯಾವುದೋ ಗುಳಿಗಿ ನುಂಗಿ ಹಿಂಗ ಮಾರಿ ಬಾತಿತ್ತು ಅವಗ. ಆಮೇಲೆ ಅವನು ಕುಸ್ತಿ ಅಲ್ಲ, ಮನಿ ಮೆಟ್ಟಿಲು ಸೈತ ಹತ್ಲಿಲ್ಲ."

ಗಂಗಕ್ಕ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನಾನು ಮೊದಲ ಸಲ ನೋಡಿದ್ದು. ಅದೇ ನನಗೆ ಧೈರ್ಯ ಕೊಟ್ಟಿತೋ ಏನೋ, ಬಾಗಿಲ ಹಿಂದಿನಿಂದಲೇ ಹೇಳಿದೆ: "ಅಕ್ಕ, ಆ ಗುಳಿಗಿ ಪೊಟ್ಟಣ ತೋರಿಸವ್ವ."

ಅವಳು ತಂದು ಕೊಟ್ಟಳು. ಹೆಸರಿಲ್ಲದ ಸಣ್ಣ ಬಿಳಿ ಗುಳಿಗೆ. ಮೇಷ್ಟ್ರು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಇದು ಏನಂತ ನನಗ ತಿಳಿಯಂಗಿಲ್ರಿ" ಎಂದರು. ಗಂಗಕ್ಕನಿಗೆ ಅಳು ಬಂತು. ಕಸಿದುಕೊಂಡು ಚರಂಡಿಗೆ ಎಸೆಯಲು ಎದ್ದಳು. ಮೇಷ್ಟ್ರು ತಡೆದರು. "ಒಗೀಬ್ಯಾಡ್ರಿ. ಡಾಕ್ಟರಿಗೆ ತೋರಸೋಣು. ಯಾರೂ ಯಾರ್ನೂ ಬೈಬ್ಯಾಡ್ರಿ. ಮಗಳು ಚಂದ ಕಾಣ್ಲಿ ಅಂತ ಮಾಡಿದ್ದು, ಕೆಡಕಿಗೆ ಮಾಡಿದ್ದಲ್ಲ."

ಮರುದಿನ ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಹೋದೆವು. ಮೇಷ್ಟ್ರು ತಮ್ಮ ಹೆಂಡತಿಯನ್ನೂ ಕರೆತಂದಿದ್ದರು. ಯಾಕೆಂದು ನನಗೆ ಆಸ್ಪತ್ರೆಯಲ್ಲಿ ತಿಳಿಯಿತು. ಹುಡುಗಿಗೆ ಮುಟ್ಟು ತಪ್ಪಿತ್ತು, ಅದನ್ನು ನನಗೂ ಹೇಳಿರಲಿಲ್ಲ. ಗಂಡಸಿನ ಎದುರು ಹೇಳಲಾಗದ ಮಾತೂ ಇರಬಹುದು ಎಂದು ಮೇಷ್ಟ್ರೇ ಮುಂಚೆ ಯೋಚಿಸಿ, ತಾವು ಹೊರಗಿನ ಬೇವಿನ ಮರದ ಕೆಳಗೆ ನಿಂತು, ಹೆಂಡತಿಯನ್ನು ಒಳಗೆ ಕಳಿಸಿದ್ದರು. ಮಗಳ ಬಗ್ಗೆ ಒಬ್ಬ ಮೇಷ್ಟ್ರು ಇಷ್ಟು ಯೋಚಿಸಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಡಾಕ್ಟರಮ್ಮ ಗುಳಿಗೆಯನ್ನು ನೋಡಿ, ಹುಡುಗಿಯನ್ನು ಪರೀಕ್ಷಿಸಿ, ಇದು ಸ್ಟೀರಾಯ್ಡ್ ಎಂದರು. ಮೈ ತುಂಬಿಸುವುದಿಲ್ಲ, ಊದಿಸುತ್ತದೆ, ಮುಟ್ಟನ್ನೂ ತಪ್ಪಿಸುತ್ತದೆ. ನೋವನ್ನು ವಾಸಿ ಮಾಡುವುದಿಲ್ಲ, ಅದರ ಬಾಯಿ ಮುಚ್ಚಿಸುತ್ತದೆ. ಒಮ್ಮೆಲೇ ಬಿಟ್ಟರೂ ಅಪಾಯ, ತಾವು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದರು. ಎಲುಬಿಗೆ ಪೆಟ್ಟಿದೆ, ಅದು ತಿಳಿಯದ ಹಾಗೆ ಓಡುತ್ತಿದ್ದಾಳೆ ಎಂದೂ ಹೇಳಿದರು. ಹಡಗಲಿಯ ಓಟಕ್ಕೆ ಕೆಲವೇ ದಿನ ಉಳಿದಿದ್ದವು. ನಾನು ಕೇಳಿದೆ, ಒಂದು ಓಟ ಓಡಿದರೆ ಏನಾದರೂ ಆದೀತೇ? "ಒಂದು ಓಟಕ್ಕೆ ಏನೂ ಆಗದೆಯೂ ಇರಬಹುದು" ಎಂದರು ಡಾಕ್ಟರಮ್ಮ, "ಹಾಗಂತ ಓಡು ಅಂತ ನಾನು ಹೇಳೋದಿಲ್ಲ."

ನಾವು ಹಿಡಿದುಕೊಂಡದ್ದು ಮೊದಲ ಮಾತನ್ನು ಮಾತ್ರ. ಮನೆಗೆ ಬಂದ ಕೂಡಲೇ ವೇಣಿ ಮೇಷ್ಟ್ರ ಮುಂದೆ ನಿಂತಳು. "ಸರ್, ಒಂದ ಓಟ. ಆಮೇಲೆ ನೀವು ಹೇಳಿದಷ್ಟು ದಿನ ಕುಂದರ್ತೀನಿ."

ಮೇಷ್ಟ್ರು ತಲೆ ಅಲ್ಲಾಡಿಸಿದರು. "ಬ್ಯಾಡವ್ವ."

"ಅಲ್ರಿ ಮೇಷ್ಟ್ರ," ಗಂಗಕ್ಕ ಬಾಯಿ ಹಾಕಿದಳು, "ಗುಳಿಗಿ ತಿಂದು ಓಡ್ಯಾರೇನು ಅಂತ ಉಚ್ಚಿ ತಗೊಂಡು ಪರೀಕ್ಷೆ ಮಾಡೋದೆಲ್ಲ ದಿಲ್ಲಿ ಕಡಿ ಅಂತ. ಹಡಗಲ್ಯಾಗ ಯಾರಿಗೆ ಗೊತ್ತಾಕ್ಕೈತಿ?"

"ನನಗ ಗೊತ್ತಾಗೈತಲ್ರಿ."

"ನೀವು ಹೇಳಬ್ಯಾಡ್ರಿ ಮತ್ತ!"

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಸ್ವಲ್ಪ ನಕ್ಕರು ಕೂಡ. ಆಮೇಲೆ ವೇಣಿಯನ್ನು ನೋಡಿ ಹೇಳಿದ ಮಾತು ನನಗೆ ಇಂದಿಗೂ ಹಾಗೇ ನೆನಪಿದೆ. "ಅಲ್ಲಿ ನಿನ್ನ ಜೊತಿ ಓಡೋ ಹುಡುಗೀರು ತಮ್ಮ ತಮ್ಮ ನೋವು ಹೊತಗೊಂಡು ಓಡ್ತಾರ. ನೀನು ನಿನ್ನ ನೋವು ಮನ್ಯಾಗ ಇಟ್ಟು ಬಂದು ಅವರ್ನ ಹಿಂದ ಹಾಕಿದ್ರ, ಅದು ಓಟ ಅಲ್ಲವ್ವ. ನಿನಗ ಗೊತ್ತಿಲ್ಲದಂಗ ಆತು, ನಿನ್ನ ತಪ್ಪಿಲ್ಲ. ಈಗ ಗೊತ್ತಾತು. ಇನ್ನ ಓಡಿದ್ರ ತಪ್ಪು."

ನನಗೆ ತಡೆಯಲಾಗಲಿಲ್ಲ. "ಹಂಗಂದ್ರ ಈಕಿ ಓದು, ಬಾಳೇವು?" ಎಂದೆ. ಬೇರೆಯವರಾಗಿದ್ದರೆ ದೇವರಿದ್ದಾನೆ, ಎಲ್ಲ ಒಳ್ಳೆಯದಾಗುತ್ತದೆ ಎನ್ನುತ್ತಿದ್ದರು. ಮೇಷ್ಟ್ರು ಹಾಗೆ ಹೇಳಲಿಲ್ಲ. "ದೊಡ್ಡ ನಷ್ಟ ಐತ್ರಿ ತಾಯಿ. ಇಲ್ಲ ಅನ್ನಂಗಿಲ್ಲ. ನನಗೂ ಹೊಟ್ಟಿ ಉರೀತೈತಿ" ಎಂದು ಎದ್ದು ಹೋದರು. ಅವರು ಬೀದಿಯ ತಿರುವು ದಾಟುವವರೆಗೂ ನಾನು ಅವರ ಬೆನ್ನನ್ನು ನೋಡುತ್ತ ನಿಂತೆ. ಅವರ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ.

ಆ ವಾರದಲ್ಲೇ ಅವರು ಓಡುವ ಮಕ್ಕಳ ತಾಯಂದಿರನ್ನೆಲ್ಲ ಮೈದಾನದ ಮರದ ಕೆಳಗೆ ಕರೆದರು. ನಮಗೆ ಬೈಗುಳ ಕಾದಿದೆ ಎಂದೇ ನಾವು ಸೆರಗು ಹೊದ್ದು ಹೋದದ್ದು. ಅವರು ಎದ್ದು ನಿಂತು ಕೈ ಮುಗಿದರು. "ಎಲ್ಲಾರ ಮುಂದ ಮಕ್ಕಳ್ನ ಏನ್ ಉಂಡ್ರಿ ಅಂತ ಕೇಳಿ ನಾನಾ ಅವರಿಗೆ ಸುಳ್ಳು ಕಲಿಸೀನ್ರಿ. ಸಣ್ಣ ಸುಳ್ಳಿನ ಹಿಂದ ದೊಡ್ಡದು ಬಂದು ಕುಂತ್ರ ನನಗ ಕಾಣಲಿಲ್ಲ. ಇನ್ನ ಮ್ಯಾಲೆ ಹಂಗ ಕೇಳಂಗಿಲ್ಲ. ನೀವಾ ನನಗ ಹೇಳ್ರಿ. ಗುಳಿಗಿ, ಸೂಜಿ, ಪುಡಿ, ಲೇಹ್ಯ, ನೆಗಡಿ ಔಷಧ, ಏನಾ ಕೊಡ್ರಿ, ಡಾಕ್ಟರ್ನ ಕೇಳಿ ಕೊಡ್ರಿ, ನನಗೊಂದು ಮಾತು ಹೇಳ್ರಿ. ಮಗು ನೋವು ಅಂದ್ರ ಬೈಬ್ಯಾಡ್ರಿ. ನೋವು ಹೇಳಿದ ಮಗು ನನ್ನ ಕಣ್ಣಾಗ ಹೇಡಿ ಅಲ್ಲ."

ಆಗ ಗಂಗಕ್ಕ ಎದ್ದಳು. ಅವಳು ಎಲ್ಲರ ಎದುರು, ಧ್ವನಿ ಒಂದಿಷ್ಟೂ ತಗ್ಗಿಸದೆ ಹೇಳಿದಳು: "ನಮ್ಮ ಹುಡುಗಿಗೆ ಗುಳಿಗಿ ಕೊಟ್ಟಾಕಿ ನಾನಾ. ಚಂದ ಆಗ್ಲಿ ಅಂತ ಕೊಟ್ಟೆ. ನಿಮ್ಮ ಮನ್ಯಾಗೂ ಅದಾವ, ನನಗ ಗೊತ್ತೈತಿ. ಸುಮ್ನ ತಂದು ಮೇಷ್ಟ್ರಿಗೆ ತೋರಸ್ರಿ. ಇಲ್ಲಾಂದ್ರ ನಾನಾ ಮನಿ ಮನಿಗೆ ಬರ್ತೀನಿ." ಬರುತ್ತಾಳೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಮಾರನೆಯ ದಿನ ಮೇಷ್ಟ್ರ ಮನೆಗೆ ಬಂದ ಪೊಟ್ಟಣಗಳನ್ನು ನೋಡಿ ಅವರ ಹೆಂಡತಿ, ನಾವೇ ಒಂದು ಔಷಧದ ಅಂಗಡಿ ಇಡಬಹುದು ಎಂದು ನಕ್ಕರಂತೆ. ಅಂದಿನಿಂದ ಗಂಗಕ್ಕ ಸಂತೆಗೆ ಹೋದರೂ ಸರಿ, ಹೆರಿಗೆ ಮನೆಗೆ ಹೋದರೂ ಸರಿ, ಹುಡುಗಿಯರ ಗಲ್ಲ ಹಿಡಿದು ನೋಡುವುದನ್ನು ಕಲಿತಳು. ಊರ ದಪ್ಪ ಮಕ್ಕಳಿಗೆಲ್ಲ ಅವಳನ್ನು ಕಂಡರೆ ಭಯ.

ಮಾಗಳದವರು ಬಂದಾಗ ವೇಣಿಯ ಮುಖದ ಊತ ಇಳಿದು ಮತ್ತೆ ಮೊದಲಿನ ಹಾಗಾಗಿತ್ತು. ಉಪ್ಪಿಟ್ಟು ತಿಂದು, ಹುಡುಗಿ ಸಣ್ಣ ಎಂದು ಹೇಳಿ ಕಳಿಸಿದರು. "ಉಪ್ಪಿಟ್ಟು ದಂಡ" ಎಂದಳು ಗಂಗಕ್ಕ. ಆದರೆ ಅದೇ ಸಂಜೆ ಭಾವನ ಎದುರು ನಿಂತು ಹಟ ಹಿಡಿದಳು. "ಹುಡುಗಿ ಸೀಟು ಹೋಗಿದ್ದು ನನ್ನಿಂದ. ಹರಪನಹಳ್ಳಿಗೆ ಬಸ್ಸಿನಾಗ ಹೋಗಿ ಓದ್ತಾಳ. ಮದುವಿ ಮಾತು ಎತ್ತಿದ್ರ ನಾನು ಅಡಗಿಮನಿ ಹೊಕ್ಕಂಗಿಲ್ಲ." ಭಾವ ಊಟಪ್ರಿಯರು. ವೇಣಿ ಓದಿದಳು. ಕಾಲೂ ವಾಸಿಯಾಯಿತು. ಮರುವರ್ಷ ಕಾಲೇಜಿನ ಪರವಾಗಿ ಓಡಿದಳು ಕೂಡ, ಆದರೆ ಮತ್ತೆಂದೂ ಆ ವೇಗ ಬರಲಿಲ್ಲ, ಅಂಥ ಆಯ್ಕೆಯ ಓಟವೂ ಬರಲಿಲ್ಲ. ಅದು ನಿಜ, ಮುಚ್ಚಿಡುವುದಿಲ್ಲ.

ಇಷ್ಟು ಬರೆದು, ಇನ್ನು ನಿಮಗೆ ಕೊಡೋಣ ಎಂದುಕೊಂಡಿದ್ದೆ. ಆದರೆ ಅವಳ ಬದುಕಿನ ಮಾತು, ಅವಳನ್ನು ಕೇಳದೆ ಕೊಡಬಾರದು ಎನ್ನಿಸಿ ಇವತ್ತು ಸಂಜೆ ಅಂಚೆ ಕಚೇರಿಯಿಂದ ಬಂದ ವೇಣಿಗೆ ಹಾಳೆಗಳನ್ನು ಕೊಟ್ಟೆ. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಓದಿದಳು. ಗಂಗಕ್ಕನ ಮಾತು ಬಂದಲ್ಲೆಲ್ಲ ನಕ್ಕಳು. ಓದಿ ಮುಗಿಸಿ, "ಹಡಗಲಿಗೆ ನಾನು ಹೋಗಿದ್ದು ಬರೆದೇ ಇಲ್ಲಲ್ಲವ್ವ" ಎಂದಳು.

ಹೌದು, ಓಟದ ದಿನ ಮೇಷ್ಟ್ರು ಅವಳನ್ನು ಹಡಗಲಿಗೆ ಕರೆದುಕೊಂಡು ಹೋಗಿದ್ದರು, ಓಡಲು ಅಲ್ಲ, ಉಳಿದ ಹುಡುಗಿಯರಿಗೆ ನೀರು ಕೊಡಲು. ಗಾಯದ ಮೇಲೆ ಉಪ್ಪು ಹಾಕಿದ ಹಾಗೆ ಎಂದು ಆಗ ನನಗೆ ಅನ್ನಿಸಿತ್ತು. ಮೇಷ್ಟ್ರ ವಿಷಯದಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಅದೊಂದೇ, ಹಾಗಾಗಿ ಬರೆದಿರಲಿಲ್ಲ.

"ಅವ್ರು ಕರೀಲಿಲ್ಲ. ನಾನಾ ಬರ್ತೀನಿ ಅಂತ ಹಟ ಮಾಡಿದ್ದೆ" ಎಂದಳು ವೇಣಿ. "ನನ್ನ ಜಾಗದಾಗ ಯಾರು ಗೆಲ್ತಾರ ನೋಡಬೇಕಿತ್ತು. ನೋಡಿ ಬೈಯಬೇಕು ಅಂತಾನ ಹೋಗಿದ್ದೆ." ಗೆದ್ದ ಹುಡುಗಿ ಬರಿಗಾಲಲ್ಲಿ ಓಡಿದಳಂತೆ. ಗೆರೆ ದಾಟಿದವಳೇ ವಾಂತಿ ಮಾಡಿಕೊಂಡು ವೇಣಿಯ ಮೇಲೆಯೇ ಬಿದ್ದಳಂತೆ. ಹಿಮ್ಮಡಿ ಒಡೆದು ರಕ್ತ. ವೇಣಿ ಅವಳ ಮುಖಕ್ಕೆ ನೀರು ಹಾಕಿ, ಪಾದ ತೊಳೆದು, ತನ್ನ ದಾವಣಿಯ ಸೆರಗು ಹರಿದು ಕಟ್ಟಿದಳಂತೆ. "ಯಾರ್ನ ಬೈಲಿ?" ಎಂದಳು. "ನಾನು ಗುಳಿಗಿ ತಗೊಂಡು ಓಡಿದ್ರ ಅವತ್ತು ಅಕಿ ಎರಡನೇದಾಕಿ. ಸೀಟು ಹೋಗ್ತಿತ್ತು. ನನಗಿಂತ ಬಡವ್ರು ಅವ್ರು."

"ಆ ಹುಡುಗಿ ಈಗ ಎಲ್ಲದಾಳ?" ಎಂದೆ.

"ಅದಾಳ. ಹಬ್ಬಕ್ಕ ಫೋನ್ ಮಾಡ್ತಾಳ. ಅಕಿನೂ ಈಗ ಹುಡುಗೀರಿಗೆ ಓಟ ಕಲಿಸ್ತಾಳ."

"ನಿನ್ನ ಸಂಗತಿ ಅಕಿಗೆ ಗೊತ್ತೇನು?"

ವೇಣಿ ಹಾಳೆಗಳನ್ನು ಒಟ್ಟು ಮಾಡಿ ತೊಡೆಯ ಮೇಲೆ ತಟ್ಟಿ ಅಂಚು ಸರಿಮಾಡಿದಳು. "ಇಲ್ಲವ್ವ. ಮೇಷ್ಟ್ರೂ ಹೇಳಿಲ್ಲ, ನಾನೂ ಹೇಳಿಲ್ಲ. ಅವತ್ತು ನಾನು ನೀರು ಕೊಡಾಕ ಬಂದ ಹುಡುಗಿ ಅಂತಾನ ಅಕಿ ತಿಳಕೊಂಡಾಳ. ಹೇಳಿದ್ರ ಅಕಿ ಗೆಲುವು ಅಕಿಗೆ ಸಣ್ಣದು ಕಾಣ್ತೈತಿ. ಯಾಕ ಬೇಕು?"

ಮಕ್ಕಳೇ, ಮೇಷ್ಟ್ರು ಎಂಥವರು ಎಂದು ನಿಮಗೆ ತಿಳಿಸಲು ನಾನು ಕೂತದ್ದು. ನಿಮ್ಮಮ್ಮ ಎಂಥವಳು ಎನ್ನುವುದು ಇಷ್ಟು ವರ್ಷ ಅವಳ ಜೊತೆಯೇ ಇದ್ದ ನನಗೂ ತಿಳಿದದ್ದು ಇವತ್ತು. ಆ ಹುಡುಗಿಯ ಹೆಸರು, ಊರು ಎರಡನ್ನೂ ಅವಳು ನನಗೆ ಹೇಳಿದಳು. ನಿಮಗೆ ಎಲ್ಲವನ್ನೂ ಬರೆಯುತ್ತೇನೆ ಎಂದುಕೊಂಡಿದ್ದವಳು ಅದನ್ನು ಮಾತ್ರ ಬರೆಯುತ್ತಿಲ್ಲ. ನೀವೂ ಅಮ್ಮನನ್ನು ಕೇಳಬೇಡಿ. ಹಬ್ಬದ ದಿನ ಫೋನ್ ಬಂದರೆ, ಆಡುತ್ತಿರುವ ಮಾತು ನಿಲ್ಲಿಸಿ, ಸುಮ್ಮನೆ ಅಮ್ಮನ ಕೈಗೆ ಕೊಡಿ.